ಕೊನೆಯ ಬೆಂಚಿನಲ್ಲಿ ಕೂತವನು

"ಬಿಡಿ ನನ್ನ! ನಾನು ಮನೆಗೆ ಹೋಗ್ತೀನಿ!"

ಗ್ರಿಸೆಲ್ಡಾ ಹೆಚ್ಚುಕಡಿಮೆ ಕಿರುಚಿದ್ದಳು. ಟುಕುಮಾನ್ ನಗರದ ಕಾನೂನು ಕಾಲೇಜು, ಮೊದಲ ವರ್ಷದ ಮೊದಲ ಮೌಖಿಕ ಪರೀಕ್ಷೆ. ಒಳಗೆ ಮೂವರು ಪ್ರಾಧ್ಯಾಪಕರು, ಅವರ ಮೇಜಿನ ಮೇಲೆ ಸಂಖ್ಯೆ ಬರೆದ ಮರದ ಗುಂಡುಗಳಿದ್ದ ತಂತಿಯ ಪಂಜರ. ಯಾವ ಗುಂಡು ಉರುಳಿ ಬೀಳುತ್ತದೋ ಆ ಪಾಠವನ್ನು ಎಲ್ಲರೆದುರು ಒಪ್ಪಿಸಬೇಕು.

"ನಿನ್ನ ಹಿಡ್ಕೊಂಡಿಲ್ಲ, ಬ್ಯಾಗ್ ಹಿಡ್ಕೊಂಡಿದೀನಿ ಅಷ್ಟೆ," ಎಂದ ಅವಳ ಹಿಂದೆ ನಿಂತಿದ್ದ ಎತ್ತರದ ಹುಡುಗ. "ಪಟ್ಟೀಲಿ ನಿನ್ನ ನಂತರ ನಾನು. ನೀನು ಓಡಿದ್ರೆ ಈಗಲೇ ನನ್ನ ಸರದಿ. ಓದಿರೋದು ನಾಲ್ಕೇ ಪಾಠ... ದಯವಿಟ್ಟು!"

ಅವಳಿಗೆ ನಗು ಬಂತು. ನಗುತ್ತಲೇ ಒಳಗೆ ಹೋದಳು. ಅವನು ಕೊನೆಯ ಬೆಂಚಿನಲ್ಲಿ ಕೂತು ಅವಳ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದ.

ಅವನ ಹೆಸರು ಲಿಸಾಂದ್ರೊ.

ಆಮೇಲೆ ಐದು ವರ್ಷ, ಅವಳ ಪ್ರತಿ ಪರೀಕ್ಷೆಯಲ್ಲೂ ಕೊನೆಯ ಬೆಂಚು ಅವನದೇ. ಅವಳಿಗೆ ಸೀತಾಳೆ ಸಿಡುಬು ಬಂದಾಗ ಮೂಲೆಯ ಫೋನ್ ಬೂತಿನಿಂದ ದಿನವೂ ಒಂದೊಂದು ಅಧ್ಯಾಯ ಓದಿ ಹೇಳಿದ್ದ. ಪ್ರತಿಯಾಗಿ ಏನನ್ನೂ ಕೇಳಿರಲಿಲ್ಲ.

ಉಳಿದದ್ದು ಒಂದೇ ವಿಷಯ, ವಾರಸು ಕಾನೂನು. ಅದೊಂದು ಮುಗಿದರೆ ಪದವಿ.

ಅಂದು ಅವಳ ದನಿ ಗಂಟಲಲ್ಲೇ ನಿಂತಿತು.

"ಏನಮ್ಮಾ, ನ್ಯಾಯಾಧೀಶರ ಕಿವೀಲಿ ಪಿಸುಗುಟ್ಟಿ ಕೇಸು ಗೆಲ್ತೀಯಾ?" ಎಂದರು ಹಿರಿಯ ಪ್ರಾಧ್ಯಾಪಕರು.

ಕೋಣೆಯೆಲ್ಲ ನಕ್ಕಿತು. ಅವಳು ಹಿಂತಿರುಗಿ ಕೊನೆಯ ಬೆಂಚನ್ನು ನೋಡಿದಳು... ಲಿಸಾಂದ್ರೊ ಎದ್ದು ಹೊರಗೆ ಹೋಗುತ್ತಿದ್ದ!

ಅವಳು ಮತ್ತೆ ಕಾಲೇಜಿಗೆ ಕಾಲಿಡಲಿಲ್ಲ. ಅವನು ಮೂರು ಸಲ ಮನೆಗೆ ಬಂದಾಗಲೂ ಅಕ್ಕ ನೊರಾಳ ಕೈಲಿ "ಇಲ್ಲ" ಅನ್ನಿಸಿದಳು. ಹದಿಮೂರು ವರ್ಷ ಒಬ್ಬ ನೋಟರಿಯ ಕಚೇರಿಯಲ್ಲಿ ಬೇರೆಯವರ ಪತ್ರಗಳನ್ನು ಟೈಪ್ ಮಾಡಿದಳು.

ಈ ಫೆಬ್ರವರಿಯಲ್ಲಿ ಯಾರಿಗೂ ಹೇಳದೆ ಪರೀಕ್ಷೆಗೆ ಹೆಸರು ಕೊಟ್ಟು ಬಂದಳು. ಆಮೇಲೆ ಹಳೆಯ ಸಹಪಾಠಿಯೊಬ್ಬಳಿಂದ ಲಿಸಾಂದ್ರೊನ ನಂಬರ್ ತೆಗೆದುಕೊಂಡಳು. ಅವನು ಸಾಲ್ತಾ ನಗರದಲ್ಲಿ ವಕೀಲನಂತೆ. ಇನ್ನೂ ಮದುವೆಯಾಗಿಲ್ಲವಂತೆ. ಕೇಳದಿದ್ದರೂ ಗೆಳತಿ ಅದನ್ನೂ ಹೇಳಿದ್ದಳು.

"ಅವನಿಗಾ ಬರೀತಿರೋದು?" ನೊರಾ ಫೋನಿಗೆ ಇಣುಕಿದಳು. "ನಡುನೀರಲ್ಲಿ ಕೈ ಬಿಟ್ಟು ಹೋದೋನಿಗೆ?"

"ಐದು ವರ್ಷ ಕೂತಿದ್ದ ಅಕ್ಕಾ. ಎದ್ದು ಹೋಗಿದ್ದು ಒಂದೇ ಸಲ. ಆ ಒಂದನ್ನೇ ಯಾಕೆ ನೆನಪಿಟ್ಕೊಳ್ಳಲಿ?"

"ಹುಚ್ಚು ನಿಂಗೆ. ಮೂವತ್ತೇಳಕ್ಕೆ ಪರೀಕ್ಷೆ ಬೇರೆ! ಜನ ಏನಂತಾರೆ?"

"ಅನ್ನಲಿ! ಅವನು ಒಳ್ಳೇವನು. ನೀನಲ್ಲ, ಇಡೀ ಊರೇ ಬಂದು ಹೇಳಿದ್ರೂ ನನ್ನ ನೆನಪನ್ನ ನಾನು ಬದಲಾಯಿಸಲ್ಲ."

ಮಾತು ಗಟ್ಟಿಯಾಗಿಯೇ ಬಂತು. ಸಂದೇಶವನ್ನು ಮಾತ್ರ ನಾಲ್ಕು ಸಲ ತಿದ್ದಿ ಕಳಿಸಿದಳು: 'ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೊನೆಯ ಪರೀಕ್ಷೆ. ಬಂದು ಹಿಂದಿನ ಬೆಂಚಿನಲ್ಲಿ ಕೂರು. ಏನೇ ಆದರೂ ಏಳಬೇಡ.'

ಉತ್ತರ ಬರಲಿಲ್ಲ.

ಮಂಗಳವಾರ ಕೊನೆಯ ಬೆಂಚು ಖಾಲಿಯಿತ್ತು. ಹನ್ನೊಂದು ಎಂದು ಬರೆದ ಗುಂಡು ಉರುಳಿತು. ಬಾಯಿ ತೆರೆದಳು, ದನಿ ಹೊರಡಲಿಲ್ಲ. *ದೇವರೇ... ಮತ್ತೆ ಅದೇನಾ?*

"ಬೇಕಾದ್ರೆ ಮುಂದಿನ ತಿಂಗಳು ಬನ್ನಿ," ಎಂದರು ಮಧ್ಯದಲ್ಲಿ ಕೂತಿದ್ದ ಪ್ರಾಧ್ಯಾಪಕಿ.

"ಬರಲ್ಲ, ಡಾಕ್ಟರ್. ಈಗಲೇ ಹೇಳ್ತೀನಿ."

ಖಾಲಿ ಬೆಂಚನ್ನು ಒಮ್ಮೆ ನೋಡಿ, ಅದಕ್ಕೆ ಬೆನ್ನು ಮಾಡಿ, ಅವಳು ಶುರು ಮಾಡಿದಳು. ಮೊದಲ ವಾಕ್ಯ ತೊದಲಿತು. ಎರಡನೆಯದು ನೆಟ್ಟಗೆ ನಿಂತಿತು. ಮೂರನೆಯದು ಗೋಡೆಗೆ ತಾಗಿ ಹಿಂದಿರುಗಿತು!

ಅರ್ಧದಲ್ಲಿ ಬಾಗಿಲು ಕಿರುಗುಟ್ಟಿತು. ಯಾರೋ ಏದುಸಿರು ಬಿಡುತ್ತ ಹಿಂದೆ ಕೂತರು. ಅವಳು ತಿರುಗಲಿಲ್ಲ. ತಿರುಗದೆಯೇ ಗೊತ್ತಾಯಿತು.

ಇಪ್ಪತ್ತು ನಿಮಿಷದ ನಂತರ ಪ್ರಾಧ್ಯಾಪಕಿ ಕೈಕುಲುಕಿ, ಆ ಊರಲ್ಲಿ ವಕೀಲರನ್ನು ಕರೆಯುವ ಹಾಗೆಯೇ ಅವಳನ್ನು ಕರೆದರು. "ಅಭಿನಂದನೆ, ಡಾಕ್ಟರ್."

ಕಾರಿಡಾರಿನಲ್ಲಿ ಲಿಸಾಂದ್ರೊ ಗೋಡೆಗೊರಗಿ ನಿಂತಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

"ಬಸ್ಸು ದಾರೀಲಿ ಕೆಟ್ಟೋಯ್ತು. ಲಾರಿ ಹತ್ತಿ ಬಂದೆ."

"ಉತ್ತರ ಬರೆಯೋಕೆ ಏನಾಗಿತ್ತು?"

"ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ..." ಅವನು ತಲೆ ತಗ್ಗಿಸಿದ. "ಅವತ್ತು ಎಲ್ಲರೂ ನಕ್ಕಾಗ ನಂಗೆ ಅಳು ಬಂತು ಗ್ರಿಸೆ. ನೀನು ನೋಡಿದ್ರೆ ಇನ್ನೂ ಕುಸೀತೀಯ ಅಂತ ಎದ್ದು ಹೋದೆ. ದಡ್ಡ ನಾನು."

ಹದಿಮೂರು ವರ್ಷ... ಒಂದು ಕಣ್ಣೀರಿಗಾಗಿ!

"ನೀನು ಮನೆಗೆ ಬಂದಾಗಲೆಲ್ಲ ನಾನು ಬಾಗಿಲ ಹಿಂದೇನೇ ನಿಂತಿದ್ದೆ. ನಾನೂ ಕಡಿಮೆ ದಡ್ಡಿಯಲ್ಲ."

"ಕಡಿಮೆಯಲ್ಲ, ಇಬ್ಬರೂ!" ಎಂದಿತೊಂದು ದನಿ. ಮೆಟ್ಟಿಲ ಬಳಿ ನೊರಾ! ಒಂದು ಕೈಯಲ್ಲಿ ಮೈದಾಹಿಟ್ಟು, ಇನ್ನೊಂದರಲ್ಲಿ ಡಜನ್ ಮೊಟ್ಟೆ. "ಡಿಗ್ರಿ ಮುಗಿಸಿದವರ ತಲೆಗೆ ಹಿಟ್ಟು ಸುರಿದು ಮೊಟ್ಟೆ ಒಡೆಯೋದು ನಮ್ಮೂರ ಪದ್ಧತಿ, ಇವಳನ್ನ ಸ್ವಚ್ಛವಾಗಿ ಮನೆಗೆ ಕರ್ಕೊಂಡು ಹೋಗ್ಲಾ? ಬೀದಿ ಜನ ಉಗೀತಾರೆ. ತಗೋಪ್ಪಾ ವಕೀಲ, ನೀನೇ ಶುರು ಮಾಡು. ಉಳಿದಿದ್ದನ್ನ ನಿನ್ನ ತಲೆ ಮೇಲೆ ನಾನು ಒಡೀತೀನಿ."

ಕಾಲೇಜಿನ ಮುಂದಿನ ಫುಟ್‌ಪಾತಿನಲ್ಲಿ ನೊರಾ ತಂಗಿಯ ತಲೆಗೆ ಹಿಟ್ಟು ಸುರಿದಳು. ಲಿಸಾಂದ್ರೊ ಮಾತ್ರ ಮೊಟ್ಟೆ ಹಿಡಿದು ನಿಂತೇ ಇದ್ದ.

"ಹೊಡಿಯೋ!" ಎಂದಳು ಗ್ರಿಸೆಲ್ಡಾ.

"ಕೈ ಬರ್ತಿಲ್ಲ ಕಣೆ..."

ಗ್ರಿಸೆಲ್ಡಾ ಅವನ ಮಣಿಕಟ್ಟು ಹಿಡಿದು ಮೊಟ್ಟೆಯನ್ನು ತನ್ನ ನೆತ್ತಿಗೆ ತಾನೇ ಕುಟ್ಟಿಕೊಂಡಳು. ಲೋಳೆ ಹಣೆಗಿಳಿಯಿತು. ದಾರಿಹೋಕರು ಚಪ್ಪಾಳೆ ತಟ್ಟಿದರು. ಮಣಿಕಟ್ಟನ್ನು ಅವಳು ಬಿಡಲಿಲ್ಲ.

"ನೀನು ನಂಗೆ ಬೇಕು ಲಿಸಾಂದ್ರೊ. ಬರೀ ಗೆಳೆಯನಾಗಿ ಅಲ್ಲ."

"ಈಗ ಹೇಳ್ತೀಯಾ? ಇಷ್ಟು ಜನರ ಮುಂದೆ?"

"ಈಗಲೇ. ಇವರೆಲ್ಲರ ಮುಂದೇನೇ. ಇನ್ನೂ ಜೋರಾಗಿ ಹೇಳ್ಲಾ?"

ಅವನು ಅವಳ ರೆಪ್ಪೆಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

"ಬೇಡ, ಕೇಳಿಸ್ತು," ಎಂದ. "ಹೂಂ ಕಣೆ. ಅವತ್ತೇ ಕೇಳಿದ್ರೂ ಹೂಂ ಅಂತಿದ್ದೆ."