ಸುಜನನ ಹೆಸರಿನಲ್ಲಿ ಬಂದ ಮೇಲ್

2012ರ ಜೂನ್ 11, ಸೋಮವಾರ ಬೆಳಿಗ್ಗೆ ಬ್ರಹ್ಮಾವರ ಠಾಣೆಗೆ ಬಂದಂಥ ದೂರನ್ನು ಹೆಡ್ ಕಾನ್‌ಸ್ಟೆಬಲ್ ಚೆನ್ನಯ್ಯ ತಮ್ಮ ನೌಕರಿಯಲ್ಲೇ ಕೇಳಿರಲಿಲ್ಲ. ದೂರು ತಂದವರು ಅಕ್ಕಿ ಗಿರಣಿಯ ಮಂಜಯ್ಯ ಶೆಟ್ಟರು. ಅವರ ಒಬ್ಬನೇ ಮಗ ಸುಜನ್ ಹಿಂದಿನ ವರ್ಷ ತೆಕ್ಕಟ್ಟೆಯ ಹತ್ತಿರ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡಿದ್ದ. ಆ ಮಗನ ಇಮೇಲಿನಿಂದ ಮೊನ್ನೆ ಶುಕ್ರವಾರ ಮುಂಬೈಗೆ ಒಂದು ಸಾಲು ಹೋಗಿತ್ತು: ನನಗೆ ಈ ಮದುವೆ ಬೇಡ. ಸುಜನ್.

"ಯಾವ ಮದ್ವಿ ಶೆಟ್ರೆ?"

"ಕುಲೆ ಮದ್ವಿ. ಬಪ್ಪ ಆಷಾಢಕ್ಕೆ ಮಾಡುದಂದ್ ಹೇಳಿ ಆಯಿತ್ತ್."

ಮದುವೆಯಾಗದೆ ಸತ್ತವರಿಗೆ ಹಾಗೆಯೇ ಸತ್ತ ಬೇರೆ ಮನೆಯ ಹೆಣ್ಣನ್ನೋ ಗಂಡನ್ನೋ ಹುಡುಕಿ ಮದುವೆ ಮಾಡಿಸುವುದು ಈ ಕಡೆಯ ಪದ್ಧತಿ. ಇಲ್ಲವಾದರೆ ಸತ್ತ ಜೀವಕ್ಕೆ ನೆಲೆಯಿಲ್ಲ ಎನ್ನುತ್ತಾರೆ. ಮುಂಬೈಯಲ್ಲಿ ಹೋಟೆಲು ಇಟ್ಟಿರುವ ಒಂದು ಮನೆಯವರ ಮಗಳು ಜ್ವರದಲ್ಲಿ ಹೋಗಿದ್ದಳು. ಎರಡೂ ಕಡೆಯವರು ಬಳಿ, ಅಂದರೆ ಗೋತ್ರ, ನೋಡಿ, ಒಪ್ಪಿ, ದಿನ ಇಡುವುದೊಂದು ಬಾಕಿ ಇತ್ತು.

ಇನ್ಸ್‌ಪೆಕ್ಟರ್ ಭೋಜರಾಜ ಹೊರಗೆ ಬಂದು ಕುಳಿತರು. ಐಟಿ ಕಾಯ್ದೆಯ ಕೇಸನ್ನು ಅವರ ದರ್ಜೆಯವರೇ ನೋಡಬೇಕು.

"ಸತ್ತವರ ಇಮೇಲನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?"

"ಮನೆಗ್ ಇಪ್ಪುದೇ ಅದೊಂದ್ ಸಾರ್. ಕರೆಂಟ್ ಬಿಲ್ಲಿಗೂ ಅದೇ, ಗಿರಣಿಗೂ ಅದೇ. ಹೆಣ್ಣಿನ ಫೋಟೋವೂ ಅದ್ಕೇ ಬಂದದ್ದ್. ಮಗ್ಳ್ ನವ್ಯಾ ತೆಗ್ದ್ ತೋರ್ಸ್ತಿದ್ಲ್. ಈಗ ಅವ್ಳಿಗೂ ತೆಗುಕ್ ಬತ್ತಿಲ್ಲೆ. ಪಾಸ್‌ವರ್ಡ್ ಯಾರೋ ಬದ್ಲ್ ಮಾಡಿರ್."

ಹೀಗೆ, ಸತ್ತ ಹುಡುಗನ ಮದುವೆ ಮಾತುಕತೆ ಅವನದೇ ಅಂಚೆಪೆಟ್ಟಿಗೆಯಲ್ಲಿ ನಡೆದಿತ್ತು. ಅದರಲ್ಲಿ ತಪ್ಪೇನಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಬೆಂಚಿನ ತುದಿಯಲ್ಲಿ ಕುಳಿತಿದ್ದ ತಾಯಿ ಉಮಾವತಿ ಆಗ ಬಾಯಿಬಿಟ್ಟರು. "ಯಾರೂ ಮಾಡದ್ದಲ್ಲ. ಅವ್ನೇ ಬರ್ದದ್ದ್. ಅವ್ನಿಗ್ ಹೆಣ್ಣ್ ಮನ್ಸಿಗ್ ಬರ್ಲಿಲ್ಲ. ಬದ್ಕಿಪ್ಪತಿಗೂ ನಾವ್ ಒಂದ್ ಮಾತ್ ಕೇಂಬ್ಲಿಲ್ಲ, ಸತ್ ಮೇಲೂ ಕೇಂಬ್ಲಿಲ್ಲ."

ಯಾರು ಬರೆದದ್ದು ಎಂದು ಪತ್ತೆಯಾಗುವವರೆಗೆ ಆ ತಾಯಿಗೆ ನಿದ್ದೆಯಿಲ್ಲ ಎಂಬುದು ಭೋಜರಾಜರಿಗೆ ಅಲ್ಲೇ ಅರ್ಥವಾಯಿತು. ಇನ್ನೊಬ್ಬರ ಗುರುತು ಕದ್ದದ್ದಕ್ಕೆ ಹಾಕುವ 66ಸಿ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನವೇ ಮೇಲ್ ಕಂಪನಿಗೆ ನೋಟಿಸು ಹೋಯಿತು.

ಉತ್ತರ ಬಂದದ್ದು ಜೂನ್ 26ಕ್ಕೆ. ಖಾತೆಗಳ ಭದ್ರತೆಗೆಂದು ಕಂಪನಿ ಎರಡು ಹೊಸ ಏರ್ಪಾಡು ಮಾಡಿತ್ತು. ಖಾತೆಗೊಂದು ಮೊಬೈಲ್ ನಂಬರು ಕೊಡಬೇಕು, ಪಾಸ್‌ವರ್ಡ್ ಮರೆತರೆ ಆ ನಂಬರಿಗೆ ಗುಟ್ಟಿನ ಅಂಕಿ ಬರುತ್ತದೆ. ಖಾತೆಯನ್ನು ಎಲ್ಲಿಂದ ತೆರೆದರು ಎಂಬುದೂ ದಾಖಲಾಗುತ್ತದೆ. ಸುಜನನ ಖಾತೆಯನ್ನು ಆ ಶುಕ್ರವಾರ ತೆರೆದದ್ದು ಕುಂದಾಪುರದ ಕೋಡಿಯಲ್ಲಿರುವ ಒಂದು ಐಸ್ ಪ್ಲಾಂಟಿನ ಕಂಪ್ಯೂಟರಿನಿಂದ. ಅಂಕಿ ಹೋದ ನಂಬರನ್ನು ಮಂಜಯ್ಯ ಕಂಡೇ ಇರಲಿಲ್ಲ. ವಿಚಾರಿಸಿದರೆ, ಆ ಸಿಮ್ಮೂ ಸುಜನನ ಹೆಸರಿನಲ್ಲೇ ಇತ್ತು. ಅವನು ಸತ್ತ ಮೇಲೂ ಅದಕ್ಕೆ ತಪ್ಪದೆ ರೀಚಾರ್ಜ್ ಆಗುತ್ತಿತ್ತು.

"ಸತ್ತವ್ನ ಸಿಮ್ಮಿಗೆ ಯಾರ್ ಸಾರ್ ದುಡ್ಡ್ ಹಾಕುದ್?" ಎಂದರು ಚೆನ್ನಯ್ಯ.

"ಅವರನ್ನೇ ಹುಡುಕಬೇಕು. ನಡೀರಿ," ಎಂದರು ಭೋಜರಾಜ.

ಐಸ್ ಗಡ್ಡೆ ಕರಗದಂತೆ ಮುಚ್ಚಲು ಭತ್ತದ ಹೊಟ್ಟು ಬೇಕು. ಶೆಟ್ಟರ ಗಿರಣಿಯಿಂದ ಆ ಪ್ಲಾಂಟಿಗೆ ಹೊಟ್ಟು ತರುತ್ತಿದ್ದದ್ದು ಸುಜನನೇ ಎಂದು ಮ್ಯಾನೇಜರು ಹೇಳಿದರು. ಆಫೀಸಿನಲ್ಲಿ ಬಿಲ್ಲು ಬರೆಯುವ ಹುಡುಗಿ ಒಬ್ಬಳೇ ಇದ್ದಳು. ಹೆಸರು ಅಮಿತಾ, ಕೋಡಿಯ ಮೀನುಗಾರರ ಮನೆಯವಳು. ಭೋಜರಾಜ ಬಾಗಿಲಲ್ಲೇ ನಿಂತು ಆ ನಂಬರಿಗೆ ಫೋನ್ ಮಾಡಿದರು. ಅವಳ ಊಟದ ಚೀಲದೊಳಗೆ ಫೋನು ಹೊಡೆದುಕೊಂಡಿತು. ಒಂದು ವರ್ಷದಿಂದ ಒಂದು ಕರೆಯೂ ಬಾರದಿದ್ದ ಫೋನು. ಹುಡುಗಿ ಬೆಚ್ಚಿಬಿದ್ದಳು. ಎದುರಿಗಿದ್ದ ಪೊಲೀಸರನ್ನು ಆಮೇಲಷ್ಟೇ ನೋಡಿದಳು.

"ಯಾರ ಫೋನು?"

"ಸುಜನ್ ಅವ್ರದ್ದ್."

"ನಿಮ್ಮ ಹತ್ತಿರ ಹೇಗೆ?"

"ಅವ್ರೇ ಕೊಟ್ಟದ್ದ್. ನಮ್ಮನೆ ಫೋನಿಗ್ ಮಾಡುಕೆ ಆತಿಲ್ಲೆ ಅಂದ್ ಹೇಳಿ."

"ಮನೆಯವರಿಗೆ ಗೊತ್ತಾ?"

"ಎರಡ್ ಮನೆಲೂ ಗೊತ್ತಿಲ್ಲೆ. ಅವ್ರ್ ಶೆಟ್ರ್, ನಾವ್ ಮೀನಿನವ್ರ್."

"ಪಾಸ್‌ವರ್ಡ್ ಗೊತ್ತಿತ್ತಾ?"

"ಇಲ್ಲೆ. ಮರ್ತ್ ಹೋಯ್ತ್ ಅಂದ್ ಒತ್ತಿದೆ. ಅಂಕಿ ಈ ಫೋನಿಗೇ ಬಂತ್."

"ತೆರೆದದ್ದು ಯಾಕೆ?"

"ನಾವ್ ಬರ್ಕಂಡದ್ದ್ ಒಂದ್ಸಲ ಓದ್ವ ಅಂದ್. ಆವತ್ತ್ ಅವ್ರ್ ಹೋದ ವರ್ಷದ ದಿನ ಅಲ್ದಾ. ತೆಗ್ದ್ರೆ ಮೇಲೇ ಆ ಹೆಣ್ಣಿನ ಫೋಟೋ ಇತ್ತ್."

ಭೋಜರಾಜ ಕಂಪ್ಯೂಟರು, ಫೋನು, ಸಿಮ್ಮುಗಳನ್ನು ಪಂಚರ ಎದುರು ವಶಕ್ಕೆ ತೆಗೆದು ಪಂಚನಾಮೆ ಬರೆದರು. ಫೋನನ್ನು ಲಕೋಟೆಗೆ ಹಾಕುವಾಗ ಹುಡುಗಿ ಮೊದಲ ಸಲ ಅತ್ತಳು. ಅವಳನ್ನು ಮಹಿಳಾ ಕಾನ್‌ಸ್ಟೆಬಲ್ ಜೊತೆಗೆ ಕರೆದುಕೊಂಡು ಹೋಗಿ, ಸಂಜೆ 4.10ಕ್ಕೆ ಠಾಣೆಯಲ್ಲಿ ದಸ್ತಗಿರಿ ತೋರಿಸಿದರು.

ಹೇಳಿಕೆ ಕೊಡಲು ಮಂಜಯ್ಯ, ಉಮಾವತಿ ಬಂದರು. ಸಂಗತಿ ಕೇಳಿ ಮಂಜಯ್ಯ ಹುಡುಗಿಯ ಎದುರಿನ ಬೆಂಚಿನಲ್ಲಿ ಕುಳಿತರು. ಅವರು ಸಿಟ್ಟಿನ ಮನುಷ್ಯ ಎಂದು ಬ್ರಹ್ಮಾವರಕ್ಕೆಲ್ಲ ಗೊತ್ತು. ಆವತ್ತು ಸಿಟ್ಟು ಬರಲಿಲ್ಲ.

"ತಪ್ಪಾಯ್ತ್," ಎಂದಳು ಅಮಿತಾ. "ಅವ್ರ್ ಹೋದಾಗ ನಂಗೆ ನಿಮ್ಮನೆ ಜಗ್ಲಿ ಹತ್ತುಕೂ ಆಯ್ಲಿಲ್ಲ. ರಸ್ತೆ ಬದೀಲ್ ನಿಂತ್ ಕಂಡ್ಕಂಡ್ ಬಸ್ ಹತ್ತಿ ಬಂದೆ. ಆದ್ರೂ ಅವ್ರಿಗೆ ನಾನ್ ಇದ್ನಲ್ದಾ. ಬೇರೆ ಹೆಣ್ಣ್ ಎಂತಕೆ?"



"ನೀನ್ ಬದ್ಕಿದ್ಯಲ್ಲ ಮಗಾ," ಎಂದರು ಮಂಜಯ್ಯ. "ಬದ್ಕಿಪ್ಪವ್ರನ್ನ ಅವ್ನಿಗ್ ಕೊಡುಕ್ ಆತ್ತಾ?"

  ಚೆನ್ನಯ್ಯ ಜಾಮೀನಿನ ಕಾಗದ ತರುತ್ತೇನೆಂದು ಎದ್ದು ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಹುಡುಗಿ ಉಮಾವತಿಯ ಕಡೆ ತಿರುಗಿದಳು. "ಅಮ್ಮ, ಮದ್ವಿಗೆ ಸೀರಿ ತೆಗ್ದ್ ಆಯ್ತಾ?"

"ಆಯ್ತ್."

"ಯಾವ ಬಣ್ಣ?"

"ಹಸ್ರ್."

"ಅವ್ರಿಗೆ ಹಸ್ರ್ ಕಂಡ್ರೆ ಆತಿಲ್ಲೆ. ನೀಲಿ ತಕಣಿ."

ಉಮಾವತಿ ಅವಳ ಕೈ ಹಿಡಿದುಕೊಂಡರು. ಜಾಮೀನಿಗೆ ಅಮಿತಾಳ ಅಣ್ಣ ಕೋಡಿಯಿಂದ ಬರುವವರೆಗೂ ಬಿಡಲಿಲ್ಲ.

ಆರೋಪಪಟ್ಟಿಯಲ್ಲಿ ಕೃತ್ಯದ ಉದ್ದೇಶ ಬರೆಯುವಲ್ಲಿ ಭೋಜರಾಜ ಎರಡು ಸಲ ಬರೆದು ಹೊಡೆದುಹಾಕಿ, ಕೊನೆಗೆ 'ವೈಯಕ್ತಿಕ ದುಃಖ' ಎಂದು ಬರೆದರು. ಮೇಲಿನ ಸಾಹೇಬರು ಅದನ್ನು ತಿದ್ದಿ 'ವೈಯಕ್ತಿಕ ಕಾರಣ' ಮಾಡಿದರು.

ಹುಡುಗಿಗೆ ಜಾಮೀನಾದ ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಚೆನ್ನಯ್ಯ ಬಸ್‌ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯಲ್ಲಿ ಉಮಾವತಿಯನ್ನು ಕಂಡರು. ಹಸಿರು ಸೀರೆಯನ್ನು ವಾಪಸು ಕೊಟ್ಟು ಅವರು ನೀಲಿ ಸೀರೆ ಆರಿಸುತ್ತಿದ್ದರು. ಎರಡು ಸೀರೆ ತೆಗೆದುಕೊಂಡರು. ಒಂದನ್ನು ಬೇರೆ ಕಟ್ಟಿಸಿ, ಕುಂದಾಪುರದ ಬಸ್ಸು ಹತ್ತಿದರು.