ಕೊನೆಯ ಸಾಲಿಗೆ ಕೇಳದ ಮಾತು

ನನ್ನ ಮಾತು ಕೊನೆಯ ಸಾಲಿನವರಿಗೆ ಕೇಳಿಸುತ್ತದೋ ಇಲ್ಲವೋ...

ದೋಣಿ ಬಂದಾಗಲೆಲ್ಲ ಅವಳಿಗೆ ಇದೇ ಅಳುಕು. ಪದವಿ ಮುಗಿಸಿ ಸೋದರಮಾವನ ದ್ವೀಪದ ರೆಸಾರ್ಟಿಗೆ ಬಂದವಳ ಕೆಲಸ ಒಂದೇ. ರಜೆಗೆ ಬಂದವರನ್ನು ದೋಣಿಕಟ್ಟೆಯಲ್ಲೇ ನಿಲ್ಲಿಸಿ, ಇಲ್ಲಿ ಏನೇನು ಎದುರಾಗುತ್ತದೆಂದು ಹೇಳುವುದು. ಗಾಳಿ ಬಿಡುವುದಿಲ್ಲ. ಹಾಸಿಗೆಯಲ್ಲೂ ಮರಳು ಸಿಗುತ್ತದೆ. ದೋಣಿಯೇ ಬಾರದ ದಿನಗಳೂ ಉಂಟು. ಕರಿಬಂಡೆಯಾಚೆ ಮಾತ್ರ ಯಾರೂ ನೀರಿಗಿಳಿಯಬಾರದು, ಅಲ್ಲಿ ಸೆಳೆತ.

ಮೊದಲ ದಿನವೇ ಗಾಳಿ ಅವಳ ದನಿಯನ್ನು ನುಂಗಿಹಾಕಿತು. ತಲೆಯೆತ್ತಿದರೆ ಹಿಂದಿನವರೆಲ್ಲ ನಗುತ್ತಿದ್ದರು. ಅವರ ನಡುವೆ, ಕೊರಳಲ್ಲಿ ಸೀಟಿ ಹಾಕಿಕೊಂಡ ಕಡಲ ಕಾವಲಿನವನು ಅವಳ ಮಾತನ್ನೇ ದೊಡ್ಡ ಗಂಟಲಿನಲ್ಲಿ ಒಪ್ಪಿಸುತ್ತಿದ್ದ.

"ತಲೆ ಬಾಚ್ಕೊಂಡು ಬಂದಿದ್ದೀರಲ್ಲ, ಊರಿಗೆ ಹೋಗೋವರೆಗೂ ಅದೇ ಕೊನೆ ಅಂತಿದ್ದಾರೆ ಮೇಡಂ."

ಅವಳ ಕಿವಿ ಬಿಸಿಯಾಯಿತು. ಅವನು ಅವಳತ್ತ ನೋಡಿ ಮುಗುಳ್ನಕ್ಕ. ಆ ನಗು ಮೆಚ್ಚಿಗೆಯದೋ... ಅಣಕದ್ದೋ?

ಅಣಕವೇ ಎಂದುಕೊಂಡಳು. ಕೆಲವು ವಾರ ಹಲ್ಲುಕಚ್ಚಿ ಸಹಿಸಿ, ಕೊನೆಗೆ ಮಾವನ ಮುಂದೆ ಅತ್ತುಬಿಟ್ಟಳು. ಮಾವ ಅವನನ್ನು ಕರೆಸಿ, ಇನ್ನು ಅವಳ ಮಾತಿನ ನಡುವೆ ಬಾಯಿ ಹಾಕಬೇಡ ಎಂದು ಝಾಡಿಸಿದರು. ಮುಂದಿನ ದೋಣಿ ಬಂದಾಗ ಅವನು ದೂರವೇ ನಿಂತ, ತುಟಿ ಬಿಚ್ಚಲಿಲ್ಲ.

ಅದೇ ದೋಣಿಯಲ್ಲಿ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದ ಮದುಮಗ, ಸಂಜೆ ಕರಿಬಂಡೆಯಾಚೆ ಇಳಿದ. ಕಾವಲಿನವನು ಈಜಿ ಎಳೆದು ತಂದದ್ದು ಹೆಣವನ್ನು.

"ನಮಗೆ ಯಾರೂ ಹೇಳಲಿಲ್ಲ..." ಜೊತೆಗೆ ಬಂದಿದ್ದ ಮದುಮಗಳು ಅದೊಂದನ್ನೇ ಹೇಳುತ್ತಿದ್ದಳು. ಅವಳ ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ.

ಎಚ್ಚರಿಸಬೇಕಾದವನು ಕಾವಲಿನವನೇ ಎಂದು ಮಾವ ಎಲ್ಲರೆದುರು ಕೈತೊಳೆದುಕೊಂಡರು. ನೀವೇ ತಡೆದಿರಿ ಎಂದು ಅವನು ಹೇಳಬಹುದಿತ್ತು. ತಲೆ ತಗ್ಗಿಸಿದನೇ ಹೊರತು ಅವಳ ಸುದ್ದಿ ಎತ್ತಲಿಲ್ಲ.

ರೆಸಾರ್ಟಿನ ಅಡುಗೆಯಮ್ಮ ಮಾವನ ಸೊಸೆಯನ್ನು ಒಲೆಯ ಬಳಿ ಕೂರಿಸಿಕೊಂಡು ಗದರಿದಳು. "ಅಣಕ ಏನೇ ಹುಚ್ಚಿ? ಮೇಡಂ ಹೇಳೋದು ಜೀವ ಉಳಿಸೋ ಮಾತು, ನಗಿಸಿದ್ರೆ ಜನ ಕಿವಿ ಕೊಡ್ತಾರೆ ಅಂತಿದ್ದ ಅವನು. ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದ್ದಾನೆ."

ಅವಳಿಗೆ ಅಳುವೂ ಬರಲಿಲ್ಲ.

ಬೆಳಿಗ್ಗೆ ದೋಣಿಯಲ್ಲಿ ಬಿಳಿ ಬಟ್ಟೆ ಸುತ್ತಿದ ದೇಹ, ಪಕ್ಕದಲ್ಲಿ ಹೆಂಡತಿ, ಸುದ್ದಿ ತಿಳಿದು ಬಂದ ಹುಡುಗನ ತಂದೆ. ಕೊನೆಯ ಹಲಗೆಯ ಮೇಲೆ ಕಾವಲಿನವನು. ಆಚೆ ದಡದಲ್ಲಿ ಪೊಲೀಸರು ಅವನಿಗಾಗಿ ಕಾಯುತ್ತಿದ್ದರು.

ಅವಳು ಕಟ್ಟೆಯ ಅಂಚಿಗೆ ಬಂದು ಏನೋ ಹೇಳಿದಳು. ಗಾಳಿ ಹೊತ್ತೊಯ್ದಿತು.

"ಕೇಳಿಸ್ತಿಲ್ಲಮ್ಮ," ಎಂದರು ತಂದೆ.

ಅಭ್ಯಾಸಬಲದಿಂದ ಕಾವಲಿನವನು ಅವಳ ಪರವಾಗಿ ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು.

"ಇವರ ತಪ್ಪಲ್ಲ! ನನ್ನ ಮಾತು ಹಿಂದಿನವರಿಗೆ ಕೇಳಿಸ್ತಾನೇ ಇರಲಿಲ್ಲ. ಕೇಳೋ ಹಾಗೆ ಹೇಳ್ತಿದ್ದವರನ್ನ ದೂರು ಕೊಟ್ಟು ತಡೆದವಳು ನಾನು! ಪೊಲೀಸರಿಗೂ ಇದನ್ನೇ ಹೇಳ್ತೀನಿ!"

ಮಾವ ರಟ್ಟೆ ಹಿಡಿದೆಳೆದರು. ಕೊಸರಿಕೊಂಡು ದೋಣಿಗಿಳಿದಳು. ಮದುಮಗಳು ಮುಖವೆತ್ತಿ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ.

ಕಾವಲಿನವನು ಸರಿದು ಜಾಗ ಮಾಡಿಕೊಟ್ಟ. ಹೆದರಿಕೆಯಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ.

"ಆಗ್ತಿದೆ," ಎಂದಳು, ಗಾಳಿಗಿಂತ ಜೋರಾಗಿ. "ನೀವು ಪಕ್ಕದಲ್ಲೇ ಇರಿ."