ತೋಕಿಲುಪೆಯ ದನಿಯ ಕೆಳಗೆ

ಹೆಡ್‌ಫೋನ್ ಕಿವಿಗಿಟ್ಟ ಲವಿನಿಯಾಗೆ ಕೇಳಿಸಿದ್ದು ತನ್ನ ಹಾಡು, ಆದರೆ ಚರ್ಚಿನ ಮೇಳದ ತೋಕಿಲುಪೆಯ ದನಿ!

ಊರಿನ ಹಾಡುಗಳನ್ನು ರೆಕಾರ್ಡ್ ಮಾಡುವ ಸೇಮಿಸಿಗೆಂದೇ ಅವಳು ಕಟ್ಟಿ ಹಾಡಿದ್ದ ಪ್ರೇಮಗೀತೆ ಅದು. ಈಗ ಅದನ್ನು ಶ್ರುತಿಯೊಂದಿಗೆ ಮಾತು ಬಿಟ್ಟವಳಂತೆ ತೋಕಿಲುಪೆ ಹಾಡುತ್ತಿದ್ದಳು.

"ನಂದೆಲ್ಲಿ?"

"ಅದರ ಮೇಲೆ ಇನ್ನೊಂದ್ಸಲ ರೆಕಾರ್ಡ್ ಮಾಡ್ದೆ," ಎಂದ ಸೇಮಿಸಿ. ಅವನ ಕಣ್ಣು ಬಾಗಿಲತ್ತ ಹೋಯಿತು. ಅಲ್ಲಿ ಲವಿನಿಯಾಳ ಅಣ್ಣ ಕಿತಿಯೋನೆ ಗಿಟಾರ್ ಹಿಡಿದು ನಿಂತಿದ್ದ. ಟೊಂಗಾದಲ್ಲಿ ಅಣ್ಣನ ಎದುರು ತಂಗಿಯ ಪ್ರೇಮದ ಸುದ್ದಿಯೇ ಸುಳಿಯಕೂಡದು. ಲವಿನಿಯಾ ಕಣ್ಣು ತಗ್ಗಿಸಿ ಹೊರನಡೆದಳು.

ಒರೆಸಿಬಿಟ್ಟನಲ್ಲ... ಒಂದು ಮಾತೂ ಕೇಳದೆ!

ಶನಿವಾರ ಚರ್ಚಿನ ಮೇಳದ ರೆಕಾರ್ಡಿಂಗ್. ಸ್ತೋತ್ರದ ನಡುವೆಯೇ ಯಂತ್ರ ನಿಂತಿತು. ಡಿಸ್ಕ್ ತುಂಬಿದೆ. ಈ ಯಂತ್ರದಲ್ಲಿ ಮೇಲೆ ಮೇಲೆ ರೆಕಾರ್ಡ್ ಮಾಡಿದರೂ ಹಳೆಯದು ಅಳಿಯುವುದಿಲ್ಲ, ಅಡಿಯಲ್ಲಿ ಜಾಗ ಹಿಡಿದು ಕೂತಿರುತ್ತದೆ. ಒಂದು ಗುಂಡಿ ಒತ್ತಿದರೆ ಮಾತ್ರ ಹೋಗುತ್ತದೆ ಎಂದು ಸೇಮಿಸಿ ವಿವರಿಸಿದ.

"ಹಂಗಾದ್ರೆ ಆ ಕಸ ಒರೆಸಪ್ಪ," ಎಂದರು ಮೇಳದ ಮೇಷ್ಟ್ರು.

"ಕಸ ಅಲ್ಲ ಮೇಷ್ಟ್ರೇ. ಒರೆಸಲ್ಲ."

ಮೇಷ್ಟ್ರು ಇಡೀ ಊರಿಗೆ ಕೇಳುವಂತೆ ಗೊಣಗಿದರು. ಹೆಂಗಸರ ಸಾಲಿನಲ್ಲಿ ಲವಿನಿಯಾ ತಟ್ಟನೆ ತಲೆಯೆತ್ತಿದಳು. ಹಾಗಾದರೆ ನಾನಿನ್ನೂ ಅಲ್ಲೇ ಇದ್ದೀನಾ?

ಕಿತಿಯೋನೆ ತಂಗಿಯತ್ತ ನೋಡಲಿಲ್ಲ. ಎಲ್ಲರಿಗೂ ಎಳನೀರು ಕುಡಿಸುವ ನೆಪ ಹೇಳಿ, ಮೇಷ್ಟ್ರನ್ನೂ ಸೇರಿಸಿ ಇಡೀ ಮೇಳವನ್ನು ಅಂಗಳಕ್ಕೆ ಎಬ್ಬಿಸಿಕೊಂಡು ಹೋದ. ಒಳಗೆ ಲವಿನಿಯಾ, ಸೇಮಿಸಿ ಇಬ್ಬರೇ ಉಳಿದರು.

ಆಗಷ್ಟೇ ಸೇಮಿಸಿಯ ಬಾಯಿ ತೆರೆಯಿತು. ಆ ಹಾಡಿಗೆ ಗಿಟಾರ್ ನುಡಿಸಲು ಬಂದವನು ಕಿತಿಯೋನೆಯೇ. ತಂಗಿಯದೇ ದನಿಯ ಪ್ರೇಮಗೀತೆಯನ್ನು ಅವನ ಕಿವಿಗೆ ಹೇಗೆ ಹಾಕುವುದು? ಅದಕ್ಕೇ ಮೇಲೊಂದು ಬೇರೆ ದನಿ ಹೊದಿಸಿದ್ದ.

"ನಿನ್ನ ಒರೆಸೋಕೆ ಕೈ ಬರ್ಲಿಲ್ಲ, ಲವಿನಿಯಾ. ನಿನ್ನ ಪ್ರೀತಿಸ್ತೀನಿ."

"ಅಣ್ಣನ ಮರ್ಯಾದೆ ಉಳಿಸ್ದೆ, ಸರಿ. ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ? ಒಂದು ವಾರ ನಾನು ಯಾರಿಗೂ ಬೇಡವಾದವಳ ಹಾಗೆ ತಿರುಗಾಡಿದೀನಿ."

"ತಪ್ಪಾಯ್ತು."

ಲವಿನಿಯಾ ಕಣ್ಣೊರೆಸಿಕೊಂಡಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಅವಳಿಗಿರಲಿಲ್ಲ.

"ಮೇಲಿರೋಳನ್ನ ಒರೆಸಿದ್ರೂ ಜಾಗ ಆಗುತ್ತಲ್ವಾ?"

"ಆಗುತ್ತೆ. ಆದ್ರೆ ನಿಮ್ಮಣ್ಣ..."

"ಅಣ್ಣ ಬೇರೆ ಹಾಡಿಗೆ ನುಡಿಸ್ಲಿ. ಇನ್ಮೇಲೆ ನನ್ನ ದನಿ ಮುಟ್ಟೋ ಮುಂಚೆ ನನ್ನ ಕೇಳ್ಬೇಕು."

"ಕೇಳ್ತೀನಿ."

"ಈಗ್ಲೇ ಕೇಳು."

ಸೇಮಿಸಿ ಬೆರಳನ್ನು ಗುಂಡಿಯ ಮೇಲಿಟ್ಟ.

"ನಿನ್ನ ದನಿ ಮೇಲಕ್ಕೆ ತರ್ಲಾ, ಲವಿನಿಯಾ?"

ಅವಳು ಅವನ ಪಕ್ಕದಲ್ಲಿ ಬಂದು ಕೂತಳು.

"ತಾ."